ಒಂದೇ ದಿನದ ಹಲ್ಲಿನ ಸೆಟ್ಟು

ಇನ್ನು ಮೂರು ಸಲ ತಾಂಬಾದಿಂದ ಇಂಡಿಗೆ ಹೋಗಿಬಂದಿದ್ದರೆ ತನ್ನ ಗಂಟೇನು ಹೋಗುತ್ತಿತ್ತು ಎಂದು ಈರಸಂಗಪ್ಪ ಊಟಕ್ಕೆ ಕೂತಾಗಲೆಲ್ಲ ಯೋಚಿಸುತ್ತಾನೆ. ಅಲ್ಲಿಯ ಡಾಕ್ಟರು ಹೆಂಡತಿ ಗುರುಬಾಯಿಯ ಬೋಳು ವಸಡಿನ ಅಚ್ಚು ತೆಗೆದು, ಅವನೊಬ್ಬನನ್ನೇ ಹೊರಗೆ ಕರೆದು, "ಮೊದಲ ಮೇಣದಾಗ ಹಲ್ಲ ಕೂಡ್ರಿಸಿ ನೋಡೂಣ್ರಿ. ಅಮ್ಮಾರು ಕನ್ನಡಿ ನೋಡಿ ಹೂಂ ಅಂದಮ್ಯಾಲೆ ಗಟ್ಟಿ ಮಾಡ್ತೇನಿ" ಎಂದಿದ್ದರು. ಓಡಾಟಕ್ಕೆ ಬೇಸತ್ತ ಅವನು ಸಿಂದಗಿಯಲ್ಲಿ ಒಂದೇ ದಿನಕ್ಕೆ ಹಲ್ಲು ಕಟ್ಟಿಕೊಡುವವನನ್ನು ಹುಡುಕಿದ. ಆ ಸೆಟ್ಟು ವಸಡು ಕೊರೆಯಿತು. ಈಗ ಅದು ನೀರಿನ ಬಟ್ಟಲಲ್ಲಿರುತ್ತದೆ, ಗುರುಬಾಯಿ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ನುಂಗುತ್ತಾಳೆ.

"ನಿಮ್ಮದೇನ್ ತಪ್ರಿ? ಇಂಡಿ ಡಾಕ್ಟರೂ ಈ ದವಡಿಗೆ ಹಲ್ಲ ಕೂಡೂದಿಲ್ಲಂತ ಕೈಮುಗದ್ರು ಅಂತ ನೀವಾ ಹೇಳಿದ್ರಲ್ಲ" ಎಂದು ನಗುತ್ತಾಳೆ.

ಡಾಕ್ಟರು ಕೈಮುಗಿದಿರಲಿಲ್ಲ, ಬೇಸತ್ತದ್ದು ತಾನು ಎಂದು ಈರಸಂಗಪ್ಪ ಅವಳಿಗೆ ಎಂದೂ ಹೇಳಲಿಲ್ಲ.