ಗಾಳಿಗೆ ಮೈಯೊಡ್ಡಿದ ತೋಟ

ಒಂದಾನೊಂದು ಊರಿನಲ್ಲಿ ಬೆರಳ ತುದಿಯಷ್ಟಗಲದ ತೋಟಗಳಿದ್ದವು. ಪುಟ್ಟ ಪುಟ್ಟ ಬಟ್ಟಲುಗಳಲ್ಲಿ ಬೆಳೆಯುವ ಆ ತೋಟಗಳಿಗೆ ಇದ್ದದ್ದು ಒಂದೇ ಕಟ್ಟಳೆ: ಉಣ್ಣುವುದೆಲ್ಲ ಬೇರಿನ ಕಡೆಯಿಂದ, ಮೇಲಿನಿಂದ ಒಂದು ಹನಿಯೂ ಬೀಳಕೂಡದು. ಬಿದ್ದರೆ ತಾನು ತೋಟವೆಂಬುದೇ ತೋಟಕ್ಕೆ ಮರೆತುಹೋಗುವುದು. ಅಜ್ಜಿ ಬದುಕಿದ್ದಿದ್ದರೆ ತನ್ನ ಕೆಲಸವನ್ನು ಹೀಗೆ ಹೇಳಿ ಅರ್ಥಮಾಡಿಸಬಹುದಿತ್ತು ಎಂದು ಪ್ರಯೋಗಾಲಯದಲ್ಲಿ ಜೀವಕೋಶ ಬೆಳೆಸುವ ಅವಳಿಗೆ ಎಷ್ಟೋ ಸಲ ಅನ್ನಿಸಿತ್ತು.

ಆ ಸೋಮವಾರ, ಬಟ್ಟಲುಗಳನ್ನು ಬೆಚ್ಚಗಿಡುವ ಇನ್‌ಕ್ಯುಬೇಟರಿನ ಬಾಗಿಲು ತೆಗೆದರೆ ತೋಟಗಳೆಲ್ಲ ಮುಳುಗಿದ್ದವು. ಬಟ್ಟಲುಗಳ ಅಂಚಿನವರೆಗೂ ಗುಲಾಬಿ ಬಣ್ಣದ ಪೋಷಕ ದ್ರವ ತುಳುಕುತ್ತಿತ್ತು.

"ಯಾರು ಇದನ್ನ ಮಾಡಿದ್ದು?"

"ನಾನೇ," ಎಂದ ಲಿವರಪ್ಪ, ತಲೆಯನ್ನೂ ಎತ್ತದೆ. "ಎಲ್ಲಾ ಒಣಗಿ ಕೂತಿದ್ವು. ನೀವು ಮನೇಲಿ ಮಲಗಿದ್ರೆ ನಾನಾದ್ರೂ ನೋಡ್ಕೋಬೇಡ್ವೇನ್ರೀ?"

ಪ್ರಯೋಗಾಲಯಕ್ಕೆ ಹೊಸದಾಗಿ ಬಂದ ಮುಖ್ಯಸ್ಥ ಅವನು. ಲಿವರಿನ ಜೀವಕೋಶ ಬೆಳೆಸುತ್ತಲೇ ತಲೆ ನರೆತಿದ್ದರಿಂದ ಬೆನ್ನ ಹಿಂದೆ ಆ ಹೆಸರು. ಅವನ ಜೀವಕೋಶಗಳು ದ್ರವದಲ್ಲಿ ಮುಳುಗಿಯೇ ಬದುಕುವಂಥವು. ಇವು ಶ್ವಾಸನಾಳದವು. ಯಾರೋ ಹೆಸರು ಗೊತ್ತಿಲ್ಲದ ದಾನಿಯ ಎದೆಯಿಂದ ಬಂದು, ಜರಡಿಯಂಥ ಪೊರೆಯ ಮೇಲೆ ನೆಲೆನಿಂತು, ಕೆಳಗಿನಿಂದ ಉಂಡು, ಮೈಯನ್ನು ಗಾಳಿಗೆ ಒಡ್ಡಿದರೆ ಮಾತ್ರ ವಾರಗಟ್ಟಲೆ ಕಾಯಿಸಿ ಲೋಳೆ ಗುಡಿಸುವ ನವಿರು ರೋಮ ಚಿಗುರಿಸುವಂಥವು.

"ಒಣಗಿರ್ಲಿಲ್ಲ ಸಾರ್. ಇವು ಗಾಳೀಲೇ ಇರ್ಬೇಕು."

"ಅದನ್ನ ನನಗೆ ಹೇಳ್ಕೊಡ್ತೀರಾ? ಸತ್ತಿಲ್ಲ ತಾನೆ? ಆ ಪುಡೀನ ದ್ರವದಲ್ಲೇ ಕಲಸಿ ಹಾಕಿ, ಇವತ್ತೇ ಮುಗಿಸಿ. ಅಣ್ಣ ತಂದ ಪುಡಿ ಅಂತ ತೊಟ್ಟಿಲಲ್ಲಿಟ್ಟು ತೂಗ್ತಾ ಕೂರ್ಬೇಡಿ."

ಅವಳ ಅಣ್ಣ ಗಾಜಿನ ಹಾಳೆಗಳಿಗೆ ಲೇಪ ಬಳಿಯುವ ಕಾರ್ಖಾನೆಯಲ್ಲಿ ಪುಡಿ ಎರಚುವ ಕೋಣೆಯವನು. ತನ್ನ ಕೆಮ್ಮಿಗೆ ಅದೇ ಕಾರಣವೇ ನೋಡು ಎಂದು ಆ ಪುಡಿಯನ್ನು ತಂದುಕೊಟ್ಟಿದ್ದ. ಒಂದೊಂದು ಕಣವೂ ಕಣ್ಣಿಗೆ ಕಾಣದಷ್ಟು ನಯ. ಅಂಥ ಪುಡಿಯನ್ನು ದ್ರವದಲ್ಲಿ ಕಲಸಿದರೆ ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತದೆ, ಜೀವಕೋಶಕ್ಕೆ ಸರಿಯಾಗಿ ತಾಗುವುದೇ ಇಲ್ಲ. 'ತೊಂದರೆ ಕಾಣಲಿಲ್ಲ' ಎಂದು ಬರೆದು ಕೈತೊಳೆದುಕೊಳ್ಳಬಹುದು.

"ಆಗಲ್ಲ ಸಾರ್. ಹಾಗೆ ಮಾಡಿದ್ರೆ ಉತ್ತರ ಬರೋದು ಮೀನಿಗೆ, ಮನುಷ್ಯರಿಗಲ್ಲ. ಮೊದಲಿಂದ ಬೆಳೆಸ್ತೀನಿ."

"ಬೆಳೆಸಿ, ಬೆಳೆಸಿ. ಅಲ್ಲೀವರೆಗೆ ನೀವು ಇಲ್ಲಿರ್ತೀರಾ, ಅದನ್ನೂ ನೋಡೋಣ."

ಮನೆಯಲ್ಲಿ ಅತ್ತಿಗೆ ಅಣ್ಣನ ಕೆಲಸದ ಬಟ್ಟೆಗಳನ್ನು ಬೇರೆ ಬಕೆಟ್ಟಿನಲ್ಲಿ ನೆನೆಹಾಕುತ್ತಿದ್ದಳು. ವಿಷಯ ಕೇಳಿದವಳು ಬಟ್ಟೆಯನ್ನು ನೀರಿನೊಳಕ್ಕೆ ಇನ್ನಷ್ಟು ಅದುಮಿದಳು.

"ಮುಳುಗಿಹೋಯ್ತಾ? ಚೆನ್ನಾಗಾಯ್ತು. ಇನ್ನೆಷ್ಟು ತಿಂಗಳು?"

"ನಾನೇನು ಬೇಕಂತ ಮಾಡಿದ್ನಾ ಅತ್ತಿಗೆ?"

"ನಾನು ಗಂಟಲು ಹರ್ಕೊಂಡ್ರೂ ನಿಮ್ಮಣ್ಣನ ಕಿವಿಗೆ ಬೀಳಲ್ಲ. ತಂಗಿ ನೋಡಿ ಹೇಳ್ಲಿ, ಆವಾಗ ಆ ಕೋಣೆ ಬಿಟ್ಟು ಪ್ಯಾಕಿಂಗಿಗೆ ಹೋಗ್ತೀನಿ ಅಂತಾರೆ. ಕಟ್ಕೊಂಡವಳ ಮಾತಿಗೆ ಬೆಲೆಯಿಲ್ಲ, ನಿನ್ನ ಮಾತು ಬೇಕಂತೆ! ಹೇಳೋಕೆ ನಿನ್ನ ಗಂಟೇನು ಹೋಗುತ್ತೆ? ಕೆಟ್ಟ ಪುಡಿ ಅಂತ ಒಂದು ಮಾತು ಅಂದ್ಬಿಡು."

"ನೋಡದೆ ಹೆಂಗೆ ಹೇಳ್ಲಿ? ನಾಳೆ ಅವರ ಮಾಲೀಕ ಏನು ಆಧಾರ ಅಂತ ಕೇಳ್ತಾನೆ. ಅಣ್ಣ ನನ್ನ ಮುಖ ನೋಡ್ತಾನೆ. ಆಮೇಲೆ ನನ್ನ ಮಾತೂ ನಂಬಲ್ಲ. ನೋಡೇ ಹೇಳ್ತೀನಿ ಅಂತ ಮಾತು ಕೊಟ್ಟಿದ್ದೀನಿ."

"ಅಬ್ಬಬ್ಬಾ, ಸತ್ಯವಂತೆ! ಆ ಬಟ್ಟಲುಗಳಿಗೆ ಹೊತ್ತುಹೊತ್ತಿಗೆ ಉಣಿಸ್ತೀಯ. ನಿಮ್ಮಣ್ಣ ಮಲಗೋಕಾಗದೆ ಗೋಡೆಗೆ ಒರಗಿ ಕೂತಿರ್ತಾರಲ್ಲ, ಬೆನ್ನಿಗೊಂದು ದಿಂಬು ಕೊಟ್ಟಿದ್ದೀಯಾ?"

ಕೊಟ್ಟಿರಲಿಲ್ಲ.

ಅಲ್ಲಿಂದಾಚೆಗೆ ಅತ್ತಿಗೆ ಅವಳೊಂದಿಗೆ ಮಾತು ಬಿಟ್ಟಳು. ತಟ್ಟೆ ಮೇಜಿನ ಮೇಲೆ ಧಡ್ ಎಂದರೆ ಊಟಕ್ಕೆ ಕರೆದ ಹಾಗೆ. ಒಳಕೋಣೆಯಲ್ಲಿ ಅಣ್ಣ ಕೆಮ್ಮಿದಾಗಲೆಲ್ಲ ಅತ್ತಿಗೆ ನೋಡುತ್ತಿದ್ದದ್ದು ಅವನ ಕಡೆಗಲ್ಲ, ಇವಳ ಕಡೆಗೆ. ಪ್ರಯೋಗಾಲಯದಲ್ಲಿ ಇವಳು ಇನ್‌ಕ್ಯುಬೇಟರಿನ ಮೇಲೆ 'ಮೇಲಿಂದ ಏನೂ ಹಾಕಬೇಡಿ' ಎಂದು ಚೀಟಿ ಅಂಟಿಸಿದಳು. ಲಿವರಪ್ಪ ಕಿತ್ತ. ಮತ್ತೆ ಅಂಟಿಸಿದಳು. ಮತ್ತೆ ಕಿತ್ತ.

"ನನ್ನನ್ನ ಕಳ್ಳ ಅಂದ್ಕೊಂಡಿದ್ದೀರಾ?"

"ಕಳ್ಳ ಆಗಿದ್ರೆ ಬೀಗ ಸಾಕಿತ್ತು ಸಾರ್. ನೀವು ಕರುಣೆ ತೋರಿಸೋರು."

ಪಕ್ಕದ ಮೇಜಿನವರು ಕೆಮ್ಮಿ ನಗು ನುಂಗಿದರು. ಲಿವರಪ್ಪ ಆ ದಿನವೇ ಅವಳನ್ನು ಕಿಟಕಿಯಿಲ್ಲದ ಮೂಲೆಗೆ ಹಾಕಿದ. ಆದರೆ ಮೂರನೆಯ ಚೀಟಿ ಉಳಿಯಿತು.

ಕೊನೆಗೊಂದು ಬೆಳಿಗ್ಗೆ ಮೈಕ್ರೋಸ್ಕೋಪಿನ ಕೆಳಗೆ ಹೊಸದಾಗಿ ಬೆಳೆಸಿದ ಬಟ್ಟಲುಗಳ ರೋಮಗಳು ಅಲುಗಿದವು. ಒಂದು ಕಡೆ ಮೊದಲು, ಆಮೇಲೆ ಬಯಲಿಗೆ ಬಯಲೇ. ಅರ್ಧ ಬಟ್ಟಲುಗಳನ್ನು ಅವಳು ಗಾಜಿನ ಪೆಟ್ಟಿಗೆಯೊಳಗಿಟ್ಟು, ಅಣ್ಣನ ಪುಡಿಯನ್ನು ಗಾಳಿಯಲ್ಲಿ ಹಾರಿಬಿಟ್ಟಳು. ಮಂಜಿನಂತೆ ಎದ್ದು, ಗಡಿಬಿಡಿಯಿಲ್ಲದೆ ಇಳಿಯಿತು. ಉಳಿದರ್ಧಕ್ಕೆ ಬರೀ ಶುದ್ಧ ಗಾಳಿ.

"ಬೇಗ ಮುಗಿಸ್ರೀ, ಪೆಟ್ಟಿಗೆ ಬೇರೆಯವರಿಗೂ ಬೇಕು," ಎಂದು ಬಾಗಿಲಿನಿಂದ ಲಿವರಪ್ಪ ಗದರಿದ. ಅವಳು ತಿರುಗಿ ನೋಡಲಿಲ್ಲ.

ಮಾರನೆಯ ದಿನ ಶುದ್ಧ ಗಾಳಿಯ ಬಟ್ಟಲುಗಳಲ್ಲಿ ರೋಮಗಳು ಲೋಳೆಯನ್ನು ಗುಡಿಸುತ್ತಲೇ ಇದ್ದವು. ಅದು ಸಣ್ಣ ಸುಳಿಯಾಗಿ ಸುತ್ತುತ್ತಿತ್ತು. ಪುಡಿ ಬಿದ್ದ ಬಟ್ಟಲುಗಳಲ್ಲಿ ಅಲ್ಲೊಂದು ಇಲ್ಲೊಂದು ರೋಮ ಮಿಡುಕಿ ನಿಂತಿತು. ಲೋಳೆ ನಿಂತಲ್ಲೇ ನಿಂತಿತ್ತು. ಬೇರೆ ಬಟ್ಟಲುಗಳನ್ನಿಟ್ಟು ಮತ್ತೆ ಮಾಡಿದಳು, ತಾನು ಕಂಡದ್ದು ತಪ್ಪಾಗಿರಲಿ ಎಂದೇ ಬಯಸುತ್ತ. ಮರುದಿನವೂ ಅದೇ.

ಆ ಸಂಜೆ ಅಣ್ಣ ಕೆಲಸದಿಂದ ಬರುವ ಹೊತ್ತಿಗೆ ಮನೆಗೆ ಫೋನ್ ಮಾಡಿದಳು. ಎತ್ತಿದ್ದು ಅತ್ತಿಗೆ.

"ಅಣ್ಣನಿಗೆ ಕೊಡಿ."

"ನನಗೆ ಹೇಳಿದ್ರೆ ಬಾಯಿ ಸವೆಯುತ್ತಾ?"

"ಅತ್ತಿಗೆ, ಅಣ್ಣನಿಗೆ ಕೊಡಿ."

ಆ ಕಡೆ ಅತ್ತಿಗೆ ಅವನನ್ನು ಕೂಗಿದಳು. ಆಮೇಲೆ ಒಳಕೋಣೆಯಿಂದ ಕೆಮ್ಮು ಹತ್ತಿರ ಹತ್ತಿರ ಬಂದು ಕಿವಿಯೊಳಗೇ ನಿಂತಿತು.

"ಹೇಳು ಪುಟ್ಟಾ."

"ನೋಡಿದೆ ಅಣ್ಣ. ನಾಳೆಯಿಂದ ಆ ಕೋಣೆಗೆ ಹೋಗ್ಬೇಡ."

ಫೋನನ್ನು ಯಾರೂ ಇಡಲಿಲ್ಲ. ಅತ್ತಿಗೆ ಕುರ್ಚಿ ಎಳೆದುಕೊಟ್ಟ ಸದ್ದು, ಅದರ ಮೇಲೆ ಅಣ್ಣ ಮೆಲ್ಲಗೆ ಕೂತ ಸದ್ದು ಕೇಳಿಸಿತು.