ಲೈಟ್ ಹಾಕಿ ಡಾಕ್ಟ್ರೇ

ನಮ್ಮನೆಯವರದು ಇಸ್ತ್ರಿ ಅಂಗಡಿ. ಬೆಳಗಿಂದ ಸಂಜೆವರೆಗೆ ನಿಂತೇ ಕೆಲಸ. ಅದು ಸಾಲದು ಅಂತ ಇತ್ತೀಚೆಗೆ ಇನ್ನೊಂದು ಗೋಳು. ಮಡಚಿಟ್ಟ ಬಟ್ಟೆ ಕೆಳಗೆ ಬೀಳಿಸೋರು, ಬಾಗಿಲಿಗೆ ಭುಜ ಬಡಿಸಿಕೊಳ್ಳೋರು, ಕೈ ಸುಟ್ಟುಕೊಳ್ಳೋರು. ಬಿದ್ದದ್ದನ್ನ ಒಗೆದು ಒಣಗಿಸೋಳು ನಾನು. ಬೈದು ಬೈದು ನನಗೂ ಸಾಕಾಗಿತ್ತು.

"ಸುಸ್ತು ಕಣೇ," ಅನ್ನೋರು. "ಐವತ್ತು ದಾಟ್ತಲ್ಲ."

ಕಣ್ಣಾಸ್ಪತ್ರೆಯ ನರ್ಸಮ್ಮ ಕೋಟು ಇಸ್ತ್ರಿಗೆ ಕೊಡೋದು ನಮ್ಮಲ್ಲೇ. ಒಂದಿನ ಇವರ ಕೈ ನೋಡಿ ಕೇಳಿದರು, "ಅಣ್ಣ, ಸುಟ್ಟಿರೋದೆಲ್ಲ ಎಡಗೈಯೇ. ಬಾಗಿಲು ತಾಗೋದೂ ಎಡಭುಜಕ್ಕೇನಾ?"

ನಾನು ಹೌದು ಅಂದೆ.

"ಹಾಗಾದ್ರೆ ನಾಳೆ ಆಸ್ಪತ್ರೆಗೆ ಬಂದು ಕಣ್ಣು ತೋರಿಸಿ."

"ನನ್ನ ಕಣ್ಣಿಗೇನಾಗಿದೆ ತಾಯಿ? ನೋವಿಲ್ಲ, ಉರಿಯಿಲ್ಲ. ಬೀದಿ ಕೊನೇಲಿ ಹೋಗೋ ಬೆಕ್ಕೂ ಕಾಣುತ್ತೆ. ಅಂಗಡಿ ಮುಚ್ಚಿ ಹೊಟ್ಟೆಗೆ ತಣ್ಣೀರು ಬಟ್ಟೆ ಹಾಕ್ಕೊಳ್ಳಲಾ?"

"ಕಣ್ಣು ಹೋದ್ರೆ ದಿನಾ ಮುಚ್ಚಬೇಕಾಗುತ್ತೆ ಅಣ್ಣ," ಅಂದರು ನರ್ಸಮ್ಮ.

ಮಾರನೇ ದಿನ ನಾನೇ ಎಳ್ಕೊಂಡು ಹೋದೆ. ಗೋಡೆ ಮೇಲಿನ ಅಕ್ಷರಗಳನ್ನ ಪಟಪಟ ಓದಿ, ನೋಡಿದ್ಯಾ ಅನ್ನೋ ಹಾಗೆ ನನ್ನ ಕಡೆ ತಿರುಗಿದರು. ಆಗ ಡಾಕ್ಟ್ರು ಅವರ ಬಲಗಣ್ಣು ಮುಚ್ಚಿದರು.

"ಈಗ ಓದಿ."

ಇವರು ಕತ್ತು ಆ ಕಡೆ ಈ ಕಡೆ ತಿರುಗಿಸಿದರು. "ಯಾಕೆ ಆರಿಸಿದ್ರಿ? ಲೈಟ್ ಹಾಕಿ ಡಾಕ್ಟ್ರೇ."

ಲೈಟು ಉರೀತಾನೇ ಇತ್ತು.

ಕಣ್ಣಿನ ಒತ್ತಡ ಅಳೆದು, ಒಳಗಿನ ನರ ನೋಡಿ ಡಾಕ್ಟ್ರು ಹೇಳಿದರು, "ಇದು ಗ್ಲಾಕೋಮಾ. ನರ ಒಳಗೊಳಗೇ ಸಾಯುತ್ತೆ, ಹೆಚ್ಚಿನವರಿಗೆ ನೋವೇ ಇರಲ್ಲ. ಒಂದು ಕಣ್ಣಿನ ಕೆಲಸ ಇನ್ನೊಂದು ಮಾಡ್ತಿರುತ್ತೆ, ಅದಕ್ಕೇ ಗೊತ್ತಾಗಲ್ಲ. ಎಡಗಣ್ಣಲ್ಲಿ ಹೋದ ದೃಷ್ಟಿ ವಾಪಸ್ ಬರಲ್ಲ. ಬಲಗಣ್ಣಲ್ಲೂ ಶುರುವಾಗಿದೆ. ದಿನಾ ತಪ್ಪದೆ ಡ್ರಾಪ್ಸ್ ಹಾಕಿ, ಹೇಳಿದಾಗ ಬಂದು ತೋರಿಸಿದ್ರೆ ಅದನ್ನ ಉಳಿಸಿಕೊಳ್ಳೋಕೆ ನೋಡಬಹುದು. ಒಡಹುಟ್ಟಿದವರಿಗೂ ಪರೀಕ್ಷೆ ಮಾಡಿಸಿ, ಇದು ಮನೆತನದಲ್ಲಿ ಬರೋದುಂಟು."

ದಾರಿಯುದ್ದಕ್ಕೂ ಇವರ ಎಡಗಡೆಗೇ ನಡೆದೆ. ಬೈದದ್ದೆಲ್ಲ ನೆನಪಾಯ್ತು. ಅಂಗಡಿ ಮೆಟ್ಟಿಲ ಮೇಲೆ ಕೂತು ಇವರೇ ಲಾರಿ ಓಡಿಸೋ ತಮ್ಮನಿಗೆ ಫೋನ್ ಮಾಡಿದರು.

"ನೋವಿಲ್ಲ ಅಂತೀಯಾ? ನನಗೂ ಇರ್ಲಿಲ್ಲ ಕಣೋ. ಲಾರಿ ನಿಲ್ಲಿಸಿ ಬಾ."

ಈಗ ಬಟ್ಟೆ ರಾಶಿ ಬಲಗಡೆ ಇಡ್ತೀವಿ. ರಾತ್ರಿ ಎಷ್ಟೇ ಸುಸ್ತಾಗಿದ್ರೂ ಇವರ ಕಣ್ಣಿಗೆ ಡ್ರಾಪ್ಸ್ ಹಾಕದೆ ನಾನು ಮಲಗಲ್ಲ.

ನಲವತ್ತು ದಾಟಿದ ಅಕ್ಕ, ಅಣ್ಣಂದಿರೇ, ಕಾಣ್ತಿದೆಯಲ್ಲ ಅಂತ ಸುಮ್ಮನಿರಬೇಡಿ. ಅರ್ಧ ದಿನ ಕೆಲಸ ಬಿಟ್ಟು ಕಣ್ಣಿನ ಡಾಕ್ಟ್ರ ಹತ್ರ ಹೋಗಿ, ಎರಡು ಕಣ್ಣನ್ನೂ ಬೇರೆ ಬೇರೆಯಾಗಿ ತೋರಿಸಿ. ನಮ್ಮನೆಯವರು ಹೋಗೋ ಹೊತ್ತಿಗೆ ಒಂದೇ ಉಳಿದಿತ್ತು.