ನಾಲ್ಕನೆಯ ಟಿಕ್

ಬೆಳಿಗ್ಗೆ ಹನ್ನೊಂದು ಗಂಟೆ. ಹಗರಿಬೊಮ್ಮನಹಳ್ಳಿಯ ಬಸ್ ನಿಲ್ದಾಣದ ಹಿಂದಿನ ಕಂಪ್ಯೂಟರ್ ಅಂಗಡಿಯಲ್ಲಿ ಮಾಲೀಕ ಕೊಟ್ರಸ್ವಾಮಿ ಕೌಂಟರಿನ ಮೇಲೆ ಎರಡು ಕಂಪ್ಯೂಟರ್ ಇಡಿಸಿ, ರಿಪೇರಿ ಮಾಡುವ ಇಬ್ಬರಲ್ಲಿ ಒಬ್ಬರ ಕೆಲಸ ಇವತ್ತಿಗೆ ಮುಗಿಯಿತು ಎಂದ.

“ಎಲ್ಲರೂ ಮೊಬೈಲಿನಾಗ ಕೆಲಸ ಮುಗಿಸ್ಕೊಳ್ತಾರ. ಇಬ್ಬರನ್ನ ಇಟ್ಕೊಳ್ಳಾಕ ನನ್ನ ಕೈಲೆ ಆಗಂಗಿಲ್ಲ. ಇವುಗಳ ಒಳಗಿನ ಹಳಿ ಫ್ಯಾನ್ ತಗದು ಹೊಸಾವು ಕೂಡ್ಸ್ರಿ. ಯಾರ ಕೆಲಸ ನೆಟ್ಟಗಿರತೈತಿ ಅವರು ಇರ್ರಿ. ಬೋರ್ಡ್ ಮಾತ್ರ ಬಿಚ್ಚಂಗಿಲ್ಲ, ಹೊತ್ತಿಲ್ಲ, ಗೀತಕ್ಕಗ ಬಸ್ಸೈತಿ.”

ಗೀತಮ್ಮ ಹೊಳಲಿನಲ್ಲಿ ಆನ್‌ಲೈನ್ ಅರ್ಜಿ ತುಂಬಿಕೊಡುವ ಸೆಂಟರ್ ನಡೆಸುವವಳು. ಎರಡೂ ಕಂಪ್ಯೂಟರ್ ಅವಳವೇ. ಕುರ್ಚಿ ಎಳೆದು ಕೂತು, “ಚಲೋ ಆತು, ಟಿಕೀಟಿಲ್ಲದ ಆಟ” ಎಂದಳು.

ರಿಪೇರಿಯ ಇಬ್ಬರಲ್ಲಿ ಕೊಟ್ರಬಸಪ್ಪ ಅಂಗಡಿ ಶುರುವಾದಾಗಿನಿಂದ ಇದ್ದವನು. ಇನ್ನೊಬ್ಬಳಾದ ವಾಣಿಶ್ರೀಗೆ ಕೆಲಸ ಕಲಿಸಿದವನೂ ಅವನೇ. ಗಂಡನನ್ನು ಬಿಟ್ಟು ಬಂದ ಅವಳು ಈ ಸಂಬಳದಲ್ಲಿ ಊರೊಳಗೆ ಒಂದು ಕೋಣೆ ಹಿಡಿದಿದ್ದಳು. ಸಂಬಳ ನಿಂತರೆ ಹಂಪಸಾಗರಕ್ಕೆ, ಅಣ್ಣನ ಮನೆಗೆ ಹೋಗಬೇಕು. ಅಲ್ಲಿ ಅತ್ತಿಗೆ ಅವಳ ತಾಟಿಗೆ ಬೀಳುವ ರೊಟ್ಟಿ ಎಣಿಸುತ್ತಾಳೆ. ಎಣಿಸಿದ್ದನ್ನು ಸಂಜೆ ಓಣಿಗೆಲ್ಲ ಹೇಳುತ್ತಾಳೆ.

ಕೊಟ್ರಬಸಪ್ಪನ ಒಂದು ಸಂಗತಿ ಅವಳೊಬ್ಬಳಿಗೇ ಗೊತ್ತಿತ್ತು. ಹರೆಯದಲ್ಲಿ ಬೋರ್‌ವೆಲ್ ಲಾರಿಯ ಮೇಲೆ ದುಡಿದವನಿಗೆ ಸಣ್ಣ ಸದ್ದು ಕೇಳುತ್ತಿರಲಿಲ್ಲ. ಎದುರಿಗಿದ್ದವರ ಮಾತನ್ನು ಅರ್ಧ ಕಿವಿಯಿಂದ, ಅರ್ಧ ತುಟಿ ನೋಡಿ ತಿಳಿಯುತ್ತಿದ್ದ. ಆದರೆ ಫ್ಯಾನಿನ ನಾಲ್ಕು ಮೂಲೆಯ ಪ್ಲಾಸ್ಟಿಕ್ ಪಿನ್ನುಗಳು ಬೋರ್ಡಿನ ತೂತಿಗೆ ಇಳಿದು ಕಚ್ಚಿಕೊಳ್ಳುವಾಗ ಬರುವ ಟಿಕ್ ಎಂಬ ಸದ್ದು ಅವನಿಗೆ ಕೇಳಿಸದು. ಬೋರ್ಡ್ ಬಿಚ್ಚಿ ಬೆನ್ನು ನೋಡಿದರೆ ಪಿನ್ ಕಚ್ಚಿದೆಯೋ ಇಲ್ಲವೋ ಕಾಣುತ್ತದೆ. ಬಿಚ್ಚಲು ಹೊತ್ತಿಲ್ಲದಾಗ ಅವನು ಪಿನ್ ಒತ್ತಿ ತಲೆ ಎತ್ತುತ್ತಿದ್ದ. ಟಿಕ್ ಕೇಳಿದರೆ ಎದುರಿಗೆ ನಿಂತ ವಾಣಿಶ್ರೀ ಗೋಣು ಹಾಕುತ್ತಿದ್ದಳು. ವರ್ಷಗಳಿಂದ ಹಾಗೇ ನಡೆದಿತ್ತು. ಮಾಲೀಕನ ಕಣ್ಣಿಗೆ ಅದು ಗುರು ತನ್ನ ಶಿಷ್ಯೆಗೆ ಕೆಲಸ ತೋರಿಸಿಕೊಟ್ಟಂತೆ ಕಾಣುತ್ತಿತ್ತು.

ಇಬ್ಬರೂ ವೈರು ಕಿತ್ತು, ಕಂಪ್ಯೂಟರಿನ ಡಬ್ಬಿಯ ಕಬ್ಬಿಣ ಮುಟ್ಟಿ ಮೈಯ ಕರೆಂಟು ಇಳಿಸಿಕೊಂಡು ಕೆಲಸಕ್ಕೆ ಕೂತರು. ವಾಣಿಶ್ರೀ ಪ್ರೊಸೆಸರ್ ಮೇಲೆ ಕಾವನ್ನು ಫ್ಯಾನಿಗೆ ದಾಟಿಸುವ ಹೊಸ ಪೇಸ್ಟ್ ಹಾಕಲು ಟ್ಯೂಬು ಎತ್ತಿದಳು.

“ಹಳೇದು ಇನ್ನಾ ಉಳದೈತಿ ನೋಡವಾ,” ಎಂದ ಕೊಟ್ರಬಸಪ್ಪ, ತನ್ನದನ್ನು ಬಿಟ್ಟು ಅವಳದರತ್ತ ಬಗ್ಗಿ. “ವರಸಿ ಹಾಕು. ಹೆಸರುಕಾಳಿನಷ್ಟು ಸಾಕು.”

“ಅಣ್ಣಾರ, ಆಕಿನ್ನ ಗೆಲ್ಲಸಾಕ ಕುಂತೀರೇನು?” ಎಂದಳು ಗೀತಮ್ಮ.

“ಆಕಿನೂ ಉಣಬೇಕಲ್ರಿ.”

ವಾಣಿಶ್ರೀ ಒರೆಸಿದಳು, ಹೆಸರುಕಾಳಿನಷ್ಟು ಹಾಕಿದಳು. ಎದುರುಬದುರು ಮೂಲೆಗಳನ್ನು ಹಿಡಿದು ಒತ್ತಿದಳು. ಟಿಕ್ ನಾಲ್ಕು ಸಲ ಬಂತು. ಫ್ಯಾನಿನ ವೈರು ಚುಚ್ಚಿ ಎದ್ದು ನಿಂತಳು.

ಕೊಟ್ರಬಸಪ್ಪ ಮೊದಲ ಪಿನ್ ಒತ್ತಿ ತಲೆ ಎತ್ತಿದ. ಗೋಣು ಹಾಕಿದಳು. ಎರಡನೆಯದಕ್ಕೂ ಹಾಕಿದಳು, ಮೂರನೆಯದಕ್ಕೂ. ನಾಲ್ಕನೆಯದು ವೈರುಗಳ ಸಂದಿಯಲ್ಲಿತ್ತು, ಹೆಬ್ಬೆರಳು ನೆಟ್ಟಗೆ ಇಳಿಯುತ್ತಿರಲಿಲ್ಲ. ಓರೆಯಾಗಿಯೇ ಒತ್ತಿದ. ಸದ್ದು ಬರಲಿಲ್ಲ. ಅವನು ಮುಖ ಎತ್ತಿ ಅವಳನ್ನು ನೋಡುತ್ತಿದ್ದ. ಗೀತಮ್ಮ ಫೋನಿನಲ್ಲಿದ್ದಳು, ಮಾಲೀಕ ಗಲ್ಲೆಯ ಮುಂದೆ ದುಡ್ಡು ಎಣಿಸುತ್ತಿದ್ದ.

ವಾಣಿಶ್ರೀ ಗೋಣು ಹಾಕಿದಳು.

ಅವನು ಬೆರಳಿನಿಂದ ಜಗ್ಗಿ ನೋಡಿದ. ಅರ್ಧ ಸಿಕ್ಕಿಕೊಂಡ ಪಿನ್ ಮೇಲೆ ಬರಲಿಲ್ಲ. ವೈರು ಚುಚ್ಚಿ, “ಆತ್ರಿ ಸಾವ್ಕಾರ” ಎಂದ.

ಕೊಟ್ರಸ್ವಾಮಿ ಎರಡಕ್ಕೂ ಜೋರು ಕೆಲಸ ಹಚ್ಚಿ, ಕಾವು ತೋರಿಸುವ ಅಂಕಿ ನೋಡುತ್ತ ನಿಂತ. ವಾಣಿಶ್ರೀಯದು ಅರವತ್ತು ಡಿಗ್ರಿ ದಾಟಿ ಅಲ್ಲೇ ನಿಂತಿತು. ಕೊಟ್ರಬಸಪ್ಪನದು ಎಂಬತ್ತಾಯಿತು, ತೊಂಬತ್ತಾಯಿತು, ನೂರು ಮುಟ್ಟಿತು. ಯಂತ್ರ ತೆವಳಿತು, ಪರದೆ ಕಪ್ಪಾಯಿತು.

ಮಾಲೀಕ ಮೊಬೈಲ್ ಟಾರ್ಚ್ ಹಾಕಿ ಇಣುಕಿದ.

“ಒಂದು ಮೂಲಿ ಕೂತ ಇಲ್ಲಲ್ರಿ ಬಸಪ್ಪಣ್ಣ. ಟಿಕ್ ಅಂದದ್ದು ಕೇಳಿದ್ರೇನು?”

“ವಾಣಿ ಗೋಣು ಹಾಕಿದ್ಲು.”

“ಆಕಿ ಗೋಣು ನಿಮಗ್ಯಾಕ? ನಿಮ್ಮ ಕಿವಿ ಎಲ್ಲಿ ಹೋಗ್ಯಾವು?”

ಕೊಟ್ರಸ್ವಾಮಿ ಅವನನ್ನೇ ನೋಡಿದ. ಆಮೇಲೆ ಬೆನ್ನು ತಿರುಗಿಸಿ, ಮೆಲ್ಲಗೆ, “ಬಸಪ್ಪಣ್ಣ, ಚಪ್ಲಿ ಎಲ್ಲಿ ಬಿಟ್ಟೀರಿ?” ಎಂದ.

ಕೊಟ್ರಬಸಪ್ಪ ಆ ಮೂಲೆಯ ಪಿನ್ನನ್ನೇ ಬಗ್ಗಿ ನೋಡುತ್ತಿದ್ದ.

ಗೀತಮ್ಮನಿಗೆ ಹುರುಪು ಬಂತು. ಸೆರಗನ್ನು ಬಾಯಿಗೆ ಅಡ್ಡ ಹಿಡಿದು, “ಅಣ್ಣಾರ, ಚಾ ಕುಡಿತೀರೇನು?” ಎಂದಳು. ಅವನು ಅವಳ ಸೆರಗು ನೋಡಿದ, ಮಾಲೀಕನ ಬೆನ್ನು ನೋಡಿದ. ಏನೋ ಕೇಳಿದ್ದಾರೆಂದು ಮಾತ್ರ ತಿಳಿದು, “ಹೂಂರಿ, ನಂದ ತಪ್ಪು” ಎಂದ. ಗೀತಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

“ಕಿವುಡನ್ನ ಇಟ್ಕೊಂಡು ಇಷ್ಟು ವರ್ಷ ಅಂಗಡಿ ನಡಿಸೀನಿ,” ಎಂದು ಕೊಟ್ರಸ್ವಾಮಿ ವಾಣಿಶ್ರೀಯತ್ತ ತಿರುಗಿದ. “ಖರೇ ಹೇಳು. ನೀ ಗೋಣು ಹಾಕಿದೇನು?”

ಕೊಟ್ರಬಸಪ್ಪ ಅವಳ ತುಟಿ ನೋಡುತ್ತಿದ್ದ.

“ಇಲ್ರಿ. ನಾನ್ಯಾಕ ಹಾಕಲಿ.”

ಅವನಿಗೆ ತಿಳಿಯುವಂತೆ, ಒಂದೊಂದು ಮಾತನ್ನೂ ಬಿಡಿಸಿ ಹೇಳಿದಳು. ಅವನ ಎದುರಿಗೆ ಅವಳು ಮಾತಾಡುವ ರೂಢಿಯೇ ಹಾಗಿತ್ತು.

ಕೊಟ್ರಬಸಪ್ಪ ಒಳಗಿನಿಂದ ಊಟದ ಡಬ್ಬಿ ತಂದುಕೊಂಡು, ಬಾಗಿಲಲ್ಲಿ ಚಪ್ಪಲಿ ಮೆಟ್ಟಿ ಹೊರಟ. “ನಾಳಿಂದ ಬರಬ್ಯಾಡ್ರಿ” ಎಂದು ಮಾಲೀಕ ಬೆನ್ನಿಗೆ ಹೇಳಿದ್ದು ಅವನಿಗೆ ಕೇಳಿಸಿತೋ ಇಲ್ಲವೋ, ತಿರುಗಲಿಲ್ಲ.

“ಇದನ್ನ ಸರಿ ಮಾಡವಾ,” ಎಂದ ಕೊಟ್ರಸ್ವಾಮಿ. “ಗೀತಕ್ಕಗ ತಡಾ ಆಕ್ಕೈತಿ.”

ವಾಣಿಶ್ರೀ ಫ್ಯಾನ್ ಬಿಚ್ಚಿ, ಒರೆಸಿ, ಬೇರೆ ಪೇಸ್ಟ್ ಹಾಕಿ ನಾಲ್ಕೂ ಪಿನ್ ಕೂರಿಸಿದಳು. ಗೀತಮ್ಮ ಎರಡೂ ಕಂಪ್ಯೂಟರನ್ನು ಬಸ್ಸಿಗೆ ಹಾಕಿಸಿಕೊಂಡು ಹೋದಳು. ಮರುದಿನದಿಂದ ಇಬ್ಬರ ಕೆಲಸವನ್ನೂ ವಾಣಿಶ್ರೀ ಒಬ್ಬಳೇ ಮಾಡಿದಳು.